ಗುಂಪಿನಲ್ಲಿ ಒಂದು ಗಣಕ ಕೆಟ್ಟಾಗ

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಪಾಠ ಮಾಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಪೂರ್ತಿ ಸುಟ್ಟುಹೋದ ಅಮ್ಮೀಟರಿನಿಂದ ಹೆಚ್ಚು ತೊಂದರೆಯಿಲ್ಲ. ಮುಳ್ಳು ಕದಲುವುದಿಲ್ಲ, ವಿದ್ಯಾರ್ಥಿ ಅದನ್ನು ಬದಿಗಿಟ್ಟು ಇನ್ನೊಂದನ್ನು ತರುತ್ತಾನೆ. ಕಾಟ ಕೊಡುವುದು ಅರ್ಧ ಕೆಟ್ಟ ಅಮ್ಮೀಟರು. ಮುಳ್ಳು ಓಡಾಡುತ್ತದೆ, ಅಂಕಿಗಳು ಸಿಗುತ್ತವೆ, ನಕ್ಷೆಯೂ ಸಿದ್ಧವಾಗುತ್ತದೆ. ಉತ್ತರ ಮಾತ್ರ ತಪ್ಪು.

ಹಲವು ಗಣಕಗಳು ಸೇರಿ ಒಂದೇ ಲೆಕ್ಕವನ್ನು ಕಾಪಾಡುವ ವ್ಯವಸ್ಥೆಗಳಲ್ಲಿಯೂ ಇದೇ ಮಾತು ನಿಜ. ಎಂಜಿನಿಯರುಗಳು ಈ ಪಾಠವನ್ನು ಒಮ್ಮೆ ಕಲಿತು ಮುಗಿಸಲಿಲ್ಲ. ನಾಲ್ಕು ದಶಕಗಳ ಕಾಲ ಮತ್ತೆ ಮತ್ತೆ ಕಲಿತರು. ಆ ಚರಿತ್ರೆಯ ಕೆಲವು ಪುಟಗಳನ್ನು ಇಲ್ಲಿ ನೋಡೋಣ.

ಪ್ರತಿಗಳು ಏಕೆ?

ನಿಮ್ಮ ಬ್ಯಾಂಕ್ ಖಾತೆಯ ಮೊತ್ತವನ್ನು ಒಂದೇ ಗಣಕದಲ್ಲಿ ಬರೆದಿಟ್ಟರೆ, ಅದು ಕೆಟ್ಟ ದಿನ ಲೆಕ್ಕವೂ ಹೋಯಿತು. ಆದುದರಿಂದ ಅದೇ ದತ್ತಾಂಶವನ್ನು ಮೂರು, ಐದು ಅಥವಾ ಹೆಚ್ಚು ಗಣಕಗಳಲ್ಲಿ ಇಡುತ್ತಾರೆ. ಇಂತಹ ಪ್ರತಿಯೊಂದು ಗಣಕಕ್ಕೆ ನೋಡ್ ಎಂದು ಹೆಸರು. ನೋಡ್‌ಗಳ ಗುಂಪು ಕ್ಲಸ್ಟರ್. ಹೀಗೆ ಹಂಚಿಹೋದ ದತ್ತಾಂಶ ಸಂಗ್ರಹವೇ ವಿತರಿತ ಡೇಟಾಬೇಸ್.

ಪ್ರತಿಗಳಿದ್ದರೆ ನಷ್ಟದ ಭಯ ಕಡಿಮೆ. ಆದರೆ ಹೊಸದೊಂದು ಭಯ ಹುಟ್ಟುತ್ತದೆ. ಒಂದು ನೋಡ್ ನಿಮ್ಮ ಖಾತೆಯಲ್ಲಿ 5,000 ರೂಪಾಯಿ ಇದೆ ಎನ್ನುತ್ತದೆ, ಇನ್ನೊಂದು 500 ಎನ್ನುತ್ತದೆ. ಯಾವುದು ಸರಿ? ತೀರಾ ಇತ್ತೀಚಿನದು ಸರಿ ಎಂದು ನೀವು ಹೇಳಬಹುದು. ಹಾಗಾದರೆ ‘ಇತ್ತೀಚಿನದು’ ಎಂಬುದನ್ನು ಗೊತ್ತುಮಾಡುವುದು ಹೇಗೆ?

‘ಈಗ’ ಎಂದರೆ ಯಾವಾಗ?

1975ರಲ್ಲಿ ಅಮೆರಿಕದ ಪಾಲ್ ಜಾನ್ಸನ್ ಮತ್ತು ರಾಬರ್ಟ್ ಥಾಮಸ್ ಇದಕ್ಕೊಂದು ವಿಧಾನ ಸೂಚಿಸಿದರು. ಪ್ರತಿಯೊಂದು ಬದಲಾವಣೆಗೂ ಅದು ನಡೆದ ಹೊತ್ತಿನ ಮುದ್ರೆ ಒತ್ತಬೇಕು. ನಂತರದ ಮುದ್ರೆಯಿದ್ದ ಬದಲಾವಣೆಯೇ ಉಳಿಯಬೇಕು. ಈ ಬರಹವನ್ನು ಓದಿದ ಲೆಸ್ಲಿ ಲ್ಯಾಂಪೋರ್ಟ್ ಅದರಲ್ಲೊಂದು ದೋಷ ಕಂಡರು. ಎರಡು ಗಣಕಗಳ ಗಡಿಯಾರಗಳು ಎಂದೂ ಪೂರ್ತಿ ಹೊಂದುವುದಿಲ್ಲ. ಗಡಿಯಾರ ಹಿಂದಿದ್ದರೆ, ಪ್ರಶ್ನೆಯನ್ನು ನೋಡಿದ ಮೇಲೆ ಕೊಟ್ಟ ಉತ್ತರಕ್ಕೆ ಪ್ರಶ್ನೆಗಿಂತ ಮುಂಚಿನ ಹೊತ್ತು ಬೀಳಬಹುದು. ಅಂದರೆ ಕಾರ್ಯವು ಕಾರಣಕ್ಕಿಂತ ಮೊದಲು ನಡೆದಂತಾಯಿತು!

ಈ ದೋಷ ತನಗೆ ಬೇಗ ಹೊಳೆದದ್ದು ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತದ ಪರಿಚಯದಿಂದ ಎಂದು ಲ್ಯಾಂಪೋರ್ಟ್ ಹೇಳಿಕೊಂಡಿದ್ದಾರೆ. ದೂರದೂರದಲ್ಲಿ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬುದಕ್ಕೆ ಎಲ್ಲ ವೀಕ್ಷಕರೂ ಒಪ್ಪುವ ಉತ್ತರ ಇರಲೇಬೇಕೆಂದಿಲ್ಲ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದರು. ಒಂದರಿಂದ ಇನ್ನೊಂದಕ್ಕೆ ಬೆಳಕಿನ ಸಂಕೇತ ಮುಟ್ಟುವಂತಿದ್ದರೆ ಮಾತ್ರ ಕ್ರಮ ಖಚಿತ. ಬೆಳಕಿನ ಜಾಗದಲ್ಲಿ ಸಂದೇಶವನ್ನು ಇಡಿ. ಅದೇ ಗಣಕಜಾಲದ ನಿಯಮ.

ಲ್ಯಾಂಪೋರ್ಟ್ 1978ರಲ್ಲಿ ಪ್ರಕಟಿಸಿದ ಪರಿಹಾರ ಸರಳವಾದುದು. ಗೋಡೆಯ ಗಡಿಯಾರ ಬೇಡ, ಎಣಿಕೆ ಸಾಕು. ಪ್ರತಿ ಘಟನೆಗೂ ನೋಡ್ ತನ್ನ ಎಣಿಕೆಯನ್ನು ಒಂದು ಹೆಚ್ಚಿಸಿಕೊಳ್ಳಬೇಕು, ಕಳುಹಿಸುವ ಸಂದೇಶದಲ್ಲಿ ಅದನ್ನು ನಮೂದಿಸಬೇಕು. ನಿಮ್ಮ ಎಣಿಕೆ 7 ಇದ್ದಾಗ 12 ಎಂಬ ಎಣಿಕೆಯ ಸಂದೇಶ ಬಂದರೆ, ಅದನ್ನು ಪಡೆದ ಘಟನೆಗೆ ನೀವು 13 ಎಂದು ಬರೆದುಕೊಳ್ಳಬೇಕು. ಹೀಗಾದರೆ ಕಾರಣಕ್ಕಿಂತ ಕಾರ್ಯದ ಎಣಿಕೆ ಯಾವಾಗಲೂ ದೊಡ್ಡದು.

ಆದರೆ ಈ ವಿಧಾನದಲ್ಲಿ ಒಂದು ನಂಬಿಕೆ ಅಡಗಿದೆ: ನೋಡ್ ತನ್ನ ಎಣಿಕೆಯನ್ನು ಸರಿಯಾಗಿ ಹೇಳುತ್ತದೆ ಎಂಬುದು. ಅದು ತಪ್ಪು ಹೇಳಿದರೆ ಏನಾಗುತ್ತದೆಂಬುದು ಎರಡೇ ವರ್ಷಗಳಲ್ಲಿ ಕಂಡಿತು.

1980ರ ಅಕ್ಟೋಬರ್ 27

ಇಂದಿನ ಇಂಟರ್‌ನೆಟ್ಟಿನ ಪೂರ್ವಜ ಅಮೆರಿಕದ ಅರ್ಪಾನೆಟ್. ಅದರ ನೋಡ್‌ಗಳನ್ನು ಇಂಪ್ ಎಂದು ಕರೆಯುತ್ತಿದ್ದರು. ಪ್ರತಿ ಇಂಪ್ ತನಗೆ ಹೊಂದಿದ ತಂತಿಗಳ ಸ್ಥಿತಿಯನ್ನು ವರದಿಯಾಗಿ ಉಳಿದವಕ್ಕೆಲ್ಲ ಹರಡುತ್ತಿತ್ತು. ಹೀಗಾಗಿ ಎಲ್ಲ ಇಂಪ್‌ಗಳಲ್ಲಿಯೂ ಇಡೀ ಜಾಲದ ನಕ್ಷೆಯ ಪ್ರತಿಯಿರುತ್ತಿತ್ತು. ಅದೂ ಒಂದು ವಿತರಿತ ಡೇಟಾಬೇಸೇ ಅಲ್ಲವೆ?

ವರದಿಗಳಿಗೆ ಕ್ರಮಸಂಖ್ಯೆಯಿತ್ತು. ಅದಕ್ಕೆ ಕೊಟ್ಟಿದ್ದ ಜಾಗ 6 ಬಿಟ್‌ಗಳು, ಅಂದರೆ 0ಯಿಂದ 63ರವರೆಗೆ. 63 ಆದ ಮೇಲೆ ಮತ್ತೆ 0. ಗಡಿಯಾರದಲ್ಲಿ 12ರ ನಂತರ 1 ಬರುವಂತೆ ಇಲ್ಲಿಯೂ ಸಂಖ್ಯೆಗಳು ಸುತ್ತುತ್ತವೆ. ಆದುದರಿಂದ ಯಾವುದು ಹೊಸದು ಎನ್ನಲು ಒಂದು ನಿಯಮ ಮಾಡಿದ್ದರು. ಎರಡು ಸಂಖ್ಯೆಗಳ ವ್ಯತ್ಯಾಸ 32 ಅಥವಾ ಕಡಿಮೆಯಿದ್ದರೆ ದೊಡ್ಡದು ಹೊಸದು. 32ಕ್ಕಿಂತ ಹೆಚ್ಚಿದ್ದರೆ ಸುತ್ತು ಮುಗಿದಿದೆ ಎಂದು ತಿಳಿದು ಚಿಕ್ಕದನ್ನು ಹೊಸದು ಎನ್ನಬೇಕು. ಸಂಖ್ಯೆಗಳು ಒಂದೊಂದಾಗಿ ಏರುವಾಗ ಈ ನಿಯಮ ಸೊಗಸಾಗಿಯೇ ನಡೆಯುತ್ತದೆ.

ಆ ದಿನ ಜಾಲ ಹಲವು ಗಂಟೆಗಳ ಕಾಲ ಬಳಕೆಗೆ ಬಾರದಂತಾಯಿತು. ಎಂಜಿನಿಯರುಗಳು ಬೇರೆ ಬೇರೆ ಇಂಪ್‌ಗಳ ಸ್ಮೃತಿಯನ್ನು ತೆಗೆದು ನೋಡಿದರು. ಎಲ್ಲೆಡೆಯೂ 50ನೆಯ ಇಂಪಿನ ವರದಿಗಳೇ ತುಂಬಿಕೊಂಡಿದ್ದವು. ಅವುಗಳ ಕ್ರಮಸಂಖ್ಯೆ 8, 40, 44, ಮತ್ತೆ 8, 40, 44. ಈ ಮೂರನ್ನು ದ್ವಿಮಾನ ಪದ್ಧತಿಯಲ್ಲಿ ಬರೆಯಿರಿ:

44 : 101100
40 : 101000
8 : 001000

ಗುಟ್ಟು ಕಣ್ಣಿಗೇ ಕಾಣುತ್ತದೆ. 44ರಲ್ಲಿ ಒಂದು ಬಿಟ್ ಉದುರಿದರೆ 40, ಅದರಲ್ಲಿ ಇನ್ನೊಂದು ಉದುರಿದರೆ 8. ಯಂತ್ರಾಂಶ ದೋಷದಿಂದ ಒಂದು ಇಂಪ್ ಸ್ಮೃತಿಯಲ್ಲಿ ಬಿಟ್‌ಗಳನ್ನು ಕಳೆದುಕೊಳ್ಳುತ್ತಿತ್ತು. ಈಗ ನಿಯಮವನ್ನು ಹಚ್ಚಿ ನೋಡಿ. 8 ಮತ್ತು 40ರ ವ್ಯತ್ಯಾಸ 32. ಆದುದರಿಂದ 40 ಹೊಸದು. 40 ಮತ್ತು 44ರ ವ್ಯತ್ಯಾಸ 4, 44 ಹೊಸದು. 44 ಮತ್ತು 8ರ ವ್ಯತ್ಯಾಸ 36. ಆದುದರಿಂದ 8 ಹೊಸದು! ಮೂರರಲ್ಲಿ ಪ್ರತಿಯೊಂದೂ ಇನ್ನೊಂದಕ್ಕಿಂತ ಹೊಸದು. ಇಂಪ್‌ಗಳು ಪ್ರತಿ ವರದಿಯನ್ನೂ ಹೊಸದೆಂದು ಒಪ್ಪಿ, ನಕ್ಷೆ ತಿದ್ದಿ, ನೆರೆಯವಕ್ಕೆ ಕಳುಹಿಸುತ್ತಲೇ ಇದ್ದವು. ಈ ಕೆಲಸಕ್ಕೆ ಆದ್ಯತೆ ಹೆಚ್ಚಿದ್ದುದರಿಂದ ಉಳಿದ ಕೆಲಸಗಳಿಗೆ ಸಮಯವೇ ಸಿಗಲಿಲ್ಲ.

ಒಂದು ಇಂಪನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಪ್ರಯೋಜನವಿರಲಿಲ್ಲ. ನೆರೆಯವು ಅದೇ ಮೂರು ವರದಿಗಳನ್ನು ಮತ್ತೆ ತುಂಬುತ್ತಿದ್ದವು. ಕೊನೆಗೆ, 50ರ ವರದಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂಬ ತಾತ್ಕಾಲಿಕ ತೇಪೆಯನ್ನು ಇಂಪ್‌ಗಳ ತಂತ್ರಾಂಶಕ್ಕೆ ಹಾಕಬೇಕಾಯಿತು. ಎರಿಕ್ ರೋಸೆನ್ 1981ರಲ್ಲಿ ಇದೆಲ್ಲವನ್ನೂ ಬಿಚ್ಚುಮನಸ್ಸಿನಿಂದ ವರದಿ ಮಾಡಿದರು. ತಂತಿಯ ಮೇಲೆ ಹೋಗುವಾಗ ಸಂದೇಶಕ್ಕೆ ದೋಷ ಪತ್ತೆಯ ಕಾವಲಿತ್ತು. ಬಿಟ್ ಉದುರಿದ್ದು ತಂತಿಯಲ್ಲಲ್ಲ, ನೋಡಿನೊಳಗೆ.

ಸತ್ತಿದೆಯೋ, ನಿಧಾನವೋ?

ಇಂತಹ ಅನುಭವಗಳ ನಡುವೆಯೇ ಸಿದ್ಧಾಂತವೂ ಬೆಳೆಯಿತು. 1982ರಲ್ಲಿ ಲ್ಯಾಂಪೋರ್ಟ್, ಶೋಸ್ಟಾಕ್ ಮತ್ತು ಪೀಸ್ ಸುಳ್ಳು ಹೇಳುವ ನೋಡ್‌ಗಳ ಪ್ರಶ್ನೆಯನ್ನು ಎತ್ತಿಕೊಂಡರು. ಸುಮ್ಮನೆ ನಿಂತುಹೋಗುವ ಒಂದು ನೋಡನ್ನು ತಾಳಿಕೊಳ್ಳಲು ಒಟ್ಟು 3 ನೋಡ್‌ಗಳು ಸಾಕು. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಹೇಳುವ ಒಂದು ನೋಡನ್ನು ತಾಳಿಕೊಳ್ಳಲು, ಸಹಿಯಿಲ್ಲದ ಸಂದೇಶಗಳಾದರೆ, ಕನಿಷ್ಠ 4 ಬೇಕು.

1985ರಲ್ಲಿ ಫಿಶರ್, ಲಿಂಚ್ ಮತ್ತು ಪೇಟರ್ಸನ್ ಇನ್ನೂ ಕಠಿಣವಾದ ಸತ್ಯವೊಂದನ್ನು ಸಾಧಿಸಿದರು. ಸಂದೇಶ ತಲಪಲು ಎಷ್ಟು ಹೊತ್ತು ಬೇಕೆಂಬುದಕ್ಕೆ ಮಿತಿಯಿಲ್ಲದಿದ್ದರೆ, ಒಂದೇ ಒಂದು ನೋಡ್ ನಿಲ್ಲುವ ಸಾಧ್ಯತೆಯಿದ್ದರೂ, ಉಳಿದವು ಒಮ್ಮತಕ್ಕೆ ಬಂದೇ ಬರುತ್ತವೆಂದು ಯಾವ ನಿಶ್ಚಿತ ಕ್ರಮವಿಧಿಯೂ ಭರವಸೆ ಕೊಡಲಾರದು. ಕಾರಣ ಸರಳ. ಉತ್ತರ ಬಾರದಿದ್ದಾಗ ಆ ನೋಡ್ ಸತ್ತಿದೆಯೋ, ನಿಧಾನವಾಗಿದೆಯೋ ಹೊರಗಿನಿಂದ ತಿಳಿಯುವುದಿಲ್ಲ.

ಹಾಗಾದರೆ ಕೆಲಸ ನಡೆಯುವುದು ಹೇಗೆ? ನಮ್ಮ ಸಭೆಗಳ ಕೋರಂ ನಿಯಮದಂತೆಯೇ. ಅರ್ಧಕ್ಕಿಂತ ಹೆಚ್ಚು ನೋಡ್‌ಗಳು ಒಪ್ಪಿದರೆ ಮಾತ್ರ ನಿರ್ಣಯ. 5ರಲ್ಲಿ ಯಾವುದೇ 3 ಮತ್ತು ಇನ್ಯಾವುದೇ 3 ತೆಗೆದುಕೊಳ್ಳಿ. ಕನಿಷ್ಠ ಒಂದು ನೋಡ್ ಎರಡರಲ್ಲಿಯೂ ಇರಲೇಬೇಕು. ಆದುದರಿಂದ ಎರಡು ವಿರುದ್ಧ ನಿರ್ಣಯಗಳು ಏಕಕಾಲದಲ್ಲಿ ಪಾಸಾಗಲಾರವು. ಕ್ಲಸ್ಟರ್‌ಗಳಲ್ಲಿ ಬೆಸ ಸಂಖ್ಯೆಯ ನೋಡ್‌ಗಳನ್ನೇ ಇಡುವ ರೂಢಿಯೂ ಇದರಿಂದಲೇ ಬಂದದ್ದು. 3ರಲ್ಲಿ ಒಂದು ಹೋದರೂ ಬಹುಮತ ಉಳಿಯುತ್ತದೆ. 4 ಇಟ್ಟರೆ ಬಹುಮತಕ್ಕೆ 3 ಬೇಕು. ಆಗಲೂ ಒಂದೇ ಹೋಗಬಹುದು. ನಾಲ್ಕನೆಯದರಿಂದ ಖರ್ಚು ಹೆಚ್ಚಿತೇ ಹೊರತು ತಾಳಿಕೆ ಹೆಚ್ಚಲಿಲ್ಲ.

‘ಸತ್ತಿದೆ’ ಅಥವಾ ‘ಬದುಕಿದೆ’ ಎಂದು ತೀರ್ಪು ಕೊಡುವ ಬದಲು ಶಂಕೆಯನ್ನೇ ಅಳೆದರೆ ಹೇಗೆ? 2004ರಲ್ಲಿ ಜಪಾನಿನ ನವೋಹಿರೊ ಹಯಾಶಿಬಾರ ಮತ್ತು ಸಂಗಡಿಗರು ಇದಕ್ಕೆ ಫೈ ಎಂಬ ಅಳತೆ ಕೊಟ್ಟರು. ನೋಡ್‌ಗಳು ನಾಡಿಮಿಡಿತದಂತೆ ಆಗಾಗ ‘ಇದ್ದೇನೆ’ ಎಂಬ ಸಂದೇಶ ಕಳುಹಿಸುತ್ತವೆ. ಅದು ತಡವಾದಷ್ಟೂ ಫೈ ಏರುತ್ತದೆ. ಫೈ 1 ಇದ್ದಾಗ ನೋಡ್ ಸತ್ತಿದೆಯೆಂದರೆ ಆ ಮಾತು ತಪ್ಪಾಗುವ ಸಂಭಾವ್ಯತೆ ತಾತ್ವಿಕವಾಗಿ ಹತ್ತರಲ್ಲೊಂದು. 2 ಇದ್ದರೆ ನೂರರಲ್ಲೊಂದು. 3 ಇದ್ದರೆ ಸಾವಿರದಲ್ಲೊಂದು. 2008ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ಕಸ್ಸಾಂಡ್ರ ಎಂಬ ಡೇಟಾಬೇಸ್ ಈ ವಿಧಾನವನ್ನು ಬಳಸುತ್ತದೆ. ಅದರ ರೂಢಿಯ ಮಿತಿ 8. ಜಾಲ ಏರುಪೇರಾಗುವ ಕಡೆ ಮಿತಿಯನ್ನು ಹೆಚ್ಚಿಸಿಕೊಳ್ಳುತ್ತಾರೆ. ಮಿತಿ ಕಡಿಮೆಯಿಟ್ಟರೆ ಬದುಕಿರುವ ನೋಡನ್ನು ಸತ್ತಿತೆಂದು ಸಾರುವ ಅಪಾಯ. ಹೆಚ್ಚಿಟ್ಟರೆ ಸತ್ತ ನೋಡಿಗಾಗಿ ಕಾಯುತ್ತ ಕೂರುವ ಅಪಾಯ.

ಮತ್ತೆ ಒಂದು ಬಿಟ್

2008ರ ಜುಲೈ 20ರಂದು ಅಮೆಜಾನ್ ಸಂಸ್ಥೆಯ ಎಸ್3 ಎಂಬ ದತ್ತಾಂಶ ಸಂಗ್ರಹ ಸೇವೆ ಹಲವು ಗಂಟೆ ನಿಂತುಹೋಯಿತು. ಅಲ್ಲಿನ ಗಣಕಗಳು ತಮ್ಮ ಕ್ಷೇಮಸಮಾಚಾರವನ್ನು ಪರಸ್ಪರ ದಾಟಿಸಿಕೊಳ್ಳುತ್ತವೆ. ಊರಿನಲ್ಲಿ ಸುದ್ದಿ ಹರಡುವ ರೀತಿಯಾದುದರಿಂದ ಈ ವಿಧಾನಕ್ಕೆ ‘ಗಾಸಿಪ್’ ಎಂದೇ ಹೆಸರು. ಆ ದಿನ ಅವು ಬಹುಪಾಲು ಸಮಯವನ್ನು ಈ ಹರಟೆಯಲ್ಲೇ ಕಳೆಯುತ್ತಿದ್ದವು. ತನಿಖೆಯಲ್ಲಿ ಸಿಕ್ಕ ಕಾರಣ: ಕೆಲವೇ ಸಂದೇಶಗಳಲ್ಲಿ ಒಂದೇ ಬಿಟ್ ಬದಲಾಗಿತ್ತು. ಸಂದೇಶ ಓದಲು ಬರುವಂತಿತ್ತು, ವಿಷಯ ಮಾತ್ರ ತಪ್ಪಾಗಿತ್ತು. ಗ್ರಾಹಕರ ದತ್ತಾಂಶಕ್ಕೆ ತಾಳೆಮೊತ್ತದ ಕಾವಲಿತ್ತು. ಈ ಒಳಗಿನ ಸುದ್ದಿಗೆ ಇರಲಿಲ್ಲ. ಎಲ್ಲ ಗಣಕಗಳ ಮಾತುಕತೆಯನ್ನು ನಿಲ್ಲಿಸಿ, ಕೂಡಿದ್ದ ಸುದ್ದಿಯನ್ನು ಅಳಿಸಿ, ಮೊದಲಿನಿಂದ ಆರಂಭಿಸಬೇಕಾಯಿತು.

1980ರ ಕಥೆಯೇ 28 ವರ್ಷಗಳ ನಂತರ ಹೊಸ ಯಂತ್ರಗಳಲ್ಲಿ ನಡೆದಿತ್ತು.

43 ಸೆಕೆಂಡುಗಳು

ಮೂರನೆಯ ಪ್ರಸಂಗದಲ್ಲಿ ಕೆಟ್ಟ ನೋಡೇ ಇಲ್ಲ. ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ದುರಸ್ತಿ ನಡೆಯುತ್ತಿದ್ದಾಗ ಅದರ ಮುಖ್ಯ ದತ್ತಾಂಶ ಕೇಂದ್ರದ ಸಂಪರ್ಕ 43 ಸೆಕೆಂಡು ಕಡಿಯಿತು. ಉಸ್ತುವಾರಿ ತಂತ್ರಾಂಶದ ಉಳಿದ ನೋಡ್‌ಗಳಿಗೆ ಕೋರಂ ಇತ್ತು. ಅವು ನಿಯಮದಂತೆ ಮತ ಹಾಕಿ, ಪಶ್ಚಿಮ ಕರಾವಳಿಯ ಡೇಟಾಬೇಸ್‌ಗಳನ್ನು ಮುಖ್ಯವೆಂದು ಆರಿಸಿದವು.

ಪೂರ್ವದಲ್ಲಿ ಆಗಲೇ ಬರೆಯಲಾಗಿದ್ದ ಕೆಲವು ದಾಖಲೆಗಳು ಪಶ್ಚಿಮಕ್ಕೆ ಇನ್ನೂ ತಲಪಿರಲಿಲ್ಲ. ಸಂಪರ್ಕ ಮರಳಿದಾಗ ಎರಡೂ ಕಡೆ ಇನ್ನೊಂದು ಕಡೆ ಇಲ್ಲದ ದಾಖಲೆಗಳಿದ್ದವು. ದಟ್ಟಣೆಯ ಒಂದು ಕ್ಲಸ್ಟರಿನಲ್ಲಿ ಹೀಗೆ ಸಿಕ್ಕಿಕೊಂಡ ಬರಹಗಳು 954. ಜತೆಗೆ ಭೌತವಿಜ್ಞಾನದ ತೊಡಕೊಂದಿತ್ತು. ಆಪ್ಟಿಕಲ್ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸುಮಾರು 4,000 ಕಿ.ಮೀ. ದೂರಕ್ಕೆ ಹೋಗಿಬರಲು ಕನಿಷ್ಠ 40 ಮಿಲಿಸೆಕೆಂಡು. ಪೂರ್ವದ ಕಾರ್ಯಕ್ರಮಗಳು ಪ್ರತಿ ಬರಹಕ್ಕೂ ಇಷ್ಟು ಕಾಯುವಂತೆ ರಚಿತವಾಗಿರಲಿಲ್ಲ. ಬೇಗ ಬಾಗಿಲು ತೆರೆಯುವುದಕ್ಕಿಂತ ದಾಖಲೆ ಉಳಿಯುವುದು ಮುಖ್ಯವೆಂದು ಎಂಜಿನಿಯರುಗಳು ನಿರ್ಧರಿಸಿದರು. ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಉಸ್ತುವಾರಿ ತಂತ್ರಾಂಶ ತಾನು ಹೊಂದಿಸಲ್ಪಟ್ಟಂತೆಯೇ ನಡೆದಿತ್ತು ಎಂದು ಅವರ ವರದಿ ಹೇಳಿತು. ತಪ್ಪಿದ್ದುದು ಹೊಂದಾಣಿಕೆಯಲ್ಲಿ.

ನಾವು ಕಲಿಯುವುದೇನು?

ಮೂರು ಪ್ರಸಂಗಗಳಿಂದ ದುರಸ್ತಿಯ ಒಂದು ಕ್ರಮ ಹೊರಡುತ್ತದೆ. ಮೊದಲು, ‘ಗುಂಪಿನಲ್ಲಿ ಯಾರು ಯಾರು ಇದ್ದಾರೆ?’ ಎಂದು ಪ್ರತಿ ನೋಡನ್ನೂ ಪ್ರತ್ಯೇಕವಾಗಿ ಕೇಳಿ ಉತ್ತರಗಳನ್ನು ತಾಳೆನೋಡಬೇಕು; ಒಂದರ ಮಾತನ್ನೇ ನಂಬಬಾರದು. ಗಡಿಯಾರಗಳನ್ನು ಹೋಲಿಸಬೇಕು. ಹೊತ್ತಿನ ಮುದ್ರೆ ನೋಡಿ ತೀರ್ಮಾನಿಸುವ ಡೇಟಾಬೇಸಿನಲ್ಲಿ ಮುದ್ರೆಯೊತ್ತುವ ಗಣಕದ ಗಡಿಯಾರ ಐದು ನಿಮಿಷ ಮುಂದಿದ್ದರೆ, ಬೇರೆಡೆ ಅದರ ನಂತರ ಬರೆದದ್ದೂ ಹಳೆಯದೆಂದು ಬಿದ್ದುಹೋಗಬಹುದು. ಏನನ್ನೂ ಅಳಿಸುವ ಮುನ್ನ ಸ್ಥಿತಿಯ ಪ್ರತಿ ತೆಗೆದಿಡಬೇಕು. ಆ ಪ್ರತಿಗಳಿಲ್ಲದೆ 8, 40, 44 ಸಿಗುತ್ತಿರಲಿಲ್ಲ. ಶಂಕಿತ ನೋಡನ್ನು ಗುಂಪಿನಿಂದ ಹೊರಗಿಡಬೇಕು, ಆಮೇಲೆ ರಿಪೇರಿ. ಎಲ್ಲಕ್ಕಿಂತ ಮಿಗಿಲಾಗಿ, ಕೆಟ್ಟಾಗ ಏನು ಮಾಡಬೇಕೆಂಬ ನಿಯಮವನ್ನು ಕೆಡುವ ಮುಂಚೆ ಪರೀಕ್ಷಿಸಿ ನೋಡಿರಬೇಕು.

ಶಿಕ್ಷಕರು ಇದನ್ನು ತರಗತಿಯಲ್ಲೇ ಆಡಿಸಬಹುದು. 6 ಬಿಟ್‌ಗಳ ಬದಲು 3 ಬಿಟ್ ತೆಗೆದುಕೊಳ್ಳಿ. ಸಂಖ್ಯೆಗಳು 0ಯಿಂದ 7. ವ್ಯತ್ಯಾಸ 4 ಅಥವಾ ಕಡಿಮೆಯಿದ್ದರೆ ದೊಡ್ಡದು ಹೊಸದು, ಇಲ್ಲವಾದರೆ ಚಿಕ್ಕದು ಹೊಸದು. ವಿದ್ಯಾರ್ಥಿಗಳನ್ನು ವೃತ್ತದಲ್ಲಿ ಕೂರಿಸಿ, ಹೊಸದೆನಿಸಿದ ಚೀಟಿಯನ್ನು ಮಾತ್ರ ಉಳಿಸಿಕೊಂಡು ಅದರ ನಕಲನ್ನು ಪಕ್ಕದವರಿಗೆ ದಾಟಿಸಲು ಹೇಳಿ. 4, 5, 6 ಎಂದು ಬರೆದ ಚೀಟಿಗಳು ಬೇಗ ತಣ್ಣಗಾಗುತ್ತವೆ. ಅನಂತರ 7, 5, 1 ಬರೆದ ಚೀಟಿಗಳನ್ನು ಬಿಡಿ. 111, 101, 001: ಒಂದೊಂದೇ ಬಿಟ್ ಉದುರಿದ ಸಂಖ್ಯೆಗಳು. ಚೀಟಿಗಳು ಸುತ್ತುತ್ತಲೇ ಇರುತ್ತವೆ, ಯಾರೂ ನಿಯಮ ಮುರಿದಿರುವುದಿಲ್ಲ. ತಪ್ಪು ಎಲ್ಲಿದೆ ಎಂದು ಮಕ್ಕಳನ್ನೇ ಕೇಳಿ; ಉತ್ತರವನ್ನು ನೀವಾಗಿ ಹೇಳಬೇಡಿ.