ಮರಳ ಮೇಲಿನ ಅಕ್ಷರ, ಮದರಾಸಿನ ಹೆಸರು

ಚೆನ್ನೈನ, ಅಂದರೆ ಹಿಂದಿನ ಮದರಾಸಿನ, ತಾಂಬರಂ ವಾಯುಪಡೆ ನೆಲೆಯಲ್ಲಿ 1954ರಿಂದ ಒಂದು ವಿಶಿಷ್ಟ ಶಾಲೆ ನಡೆಯುತ್ತಿದೆ. ಅಲ್ಲಿಗೆ ಬರುವವರಿಗೆ ವಿಮಾನ ಹಾರಿಸಲು ಆಗಲೇ ಬರುತ್ತದೆ. ಅವರು ಕಲಿಯುವುದು ಇನ್ನೊಬ್ಬರಿಗೆ ಹಾರಾಟ ಕಲಿಸುವ ವಿದ್ಯೆಯನ್ನು. ಸೈನ್ಯಕ್ಕೂ ಪಾಠ ಹೇಳುವ ವಿದ್ಯೆಗೂ ಈ ನಗರದಲ್ಲಿ ನಂಟು ಬೆಳೆದದ್ದು ಅದೇ ಮೊದಲಲ್ಲ. ತಾಂಬರಂನಿಂದ ಬೀಚ್ ನಿಲ್ದಾಣದ ಕಡೆಗೆ ಹೊರಟ ಲೋಕಲ್ ರೈಲು ದಾರಿಯಲ್ಲಿ ಎಗ್ಮೋರಿನಲ್ಲಿ ನಿಲ್ಲುತ್ತದೆ. ಆ ಎಗ್ಮೋರಿನ ಹಳೆಯ ಕೋಟೆಕಟ್ಟೆಯಲ್ಲಿ 1789ರಲ್ಲಿ ಸೈನಿಕರ ಗಂಡುಮಕ್ಕಳಿಗಾಗಿ ‘ಮಿಲಿಟರಿ ಮೇಲ್ ಅಸೈಲಮ್’ ಎಂಬ ವಸತಿಶಾಲೆ ಶುರುವಾಯಿತು. ಸೈನಿಕ ವಸತಿಶಾಲೆ ಎಂದೊಡನೆ ನಮಗೆ ನೆನಪಾಗುವುದು ಬರಾಕಿನ ಶಿಸ್ತು, ಕವಾಯತು, ಗಂಟೆಯ ಸದ್ದು. ಆದರೆ ಎಗ್ಮೋರಿನ ಶಾಲೆಯನ್ನು ಲೋಕಪ್ರಸಿದ್ಧ ಮಾಡಿದ್ದು ಬರಾಕಿನಿಂದ ಬಂದದ್ದಲ್ಲ, ಪಕ್ಕದ ಕೇರಿಯ ಜಗುಲಿಯಿಂದ ಬಂದದ್ದು.

ಈ ಮಾತಿನ ತೂಕ ತಿಳಿಯಬೇಕಾದರೆ ಅಲ್ಲಿನ ಮಕ್ಕಳು ಯಾರೆಂದು ನೋಡಬೇಕು. ಅವರ ತಂದೆಯರು ಈಸ್ಟ್ ಇಂಡಿಯಾ ಕಂಪನಿಯ ಬಿಳಿಯ ಸಿಪಾಯಿಗಳು. ಬಹಳ ಮಂದಿಯ ತಾಯಂದಿರು ಈ ನೆಲದವರು. ತಂದೆ ಸತ್ತ, ಇಲ್ಲವೇ ದಂಡಿನೊಡನೆ ಬೇರೆ ಊರಿಗೆ ಹೋದ ಹುಡುಗರನ್ನು ತಾಯಿಯ ಮನೆಯ ‘ಪ್ರಭಾವ’ದಿಂದ ಬಿಡಿಸಿ ಉಪಯುಕ್ತ ಪ್ರಜೆಗಳನ್ನಾಗಿ ಮಾಡುವುದು ಶಾಲೆಯ ಗುರಿ. ಸಾರ್ವಜನಿಕರ ದಾನ, ಕಂಪನಿಯ ನೆರವು ಎರಡೂ ಸೇರಿ ಅದು ನಡೆಯುತ್ತಿತ್ತು. ಅತ್ತ 1791ರಲ್ಲಿ ಅದೇ ಕಂಪನಿ, ತಂದೆತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಅಂಥವರಿಗೆ ತನ್ನ ಮೇಲಿನ ಹುದ್ದೆಗಳ ಬಾಗಿಲು ಮುಚ್ಚಿತು. ತಾಯಿಯ ಕೇರಿಗೆ ಸೇರಬಾರದು, ತಂದೆಯ ಕಚೇರಿಗೆ ಏರಬಾರದು: ಈ ಇಕ್ಕಟ್ಟಿನಲ್ಲಿದ್ದ ಮಕ್ಕಳ ಉಸ್ತುವಾರಿ ಸಂಬಳ ಬೇಡವೆಂದ ಪಾದ್ರಿ ಆಂಡ್ರ್ಯೂ ಬೆಲ್‌ನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಕುದುರೆ ಸವಾರಿ ಹೊರಟ ಬೆಲ್ ತಿಣ್ಣೈ (ಜಗುಲಿ) ಶಾಲೆಯೊಂದರ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡನೆಂದು ಆತನ ಚರಿತ್ರೆ ಬರೆದವರು ಹೇಳುತ್ತಾರೆ. ಅದನ್ನೇ ತನ್ನ ಶಾಲೆಗೆ ತರಹೊರಟಾಗ ಸಂಬಳದ ಮೇಷ್ಟ್ರುಗಳು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಸಿಪಾಯಿಮಗನಿಗೆ ಕೆಳತರಗತಿಯನ್ನು ಒಪ್ಪಿಸಿದ, ಹುಡುಗ ಗೆದ್ದ. ಮುಂದೆ ಸುಮಾರು 200 ಹುಡುಗರ ಶಾಲೆ ಹುಡುಗರಿಂದಲೇ ನಡೆಯಿತು. ಕಲಿತವ ಕಲಿಯದವನ ಪಕ್ಕ ಕೂತು ಹೇಳಿಕೊಡುವುದು, ತಪ್ಪುಗಳನ್ನು ಕಪ್ಪುಪುಸ್ತಕದಲ್ಲಿ ಬರೆದಿಟ್ಟು ಓರಗೆಯವರ ಪಂಚಾಯಿತಿಯ ಮುಂದಿಡುವುದು, ಎಲ್ಲವೂ. 1796ರಲ್ಲಿ ಬ್ರಿಟನ್ನಿಗೆ ಹೊರಟ ಬೆಲ್ ಮರುವರ್ಷ ಈ ಪ್ರಯೋಗದ ವರದಿ ಅಚ್ಚು ಹಾಕಿಸಿದ. ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು.

ಬೆಲ್ ಎರವಲು ಪಡೆದದ್ದು ಮರಳನ್ನು ಮಾತ್ರ, ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸಿದ್ದು ಆತನದೇ ಬುದ್ಧಿ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಬೆಲ್ ಕೂಡ ಹಾಗೆಯೇ ವಾದಿಸಿದ. ಆದರೆ ಕನ್ನಡ ನಾಡಿನ ಎರಡು ಸಾಕ್ಷಿಗಳು ಬೇರೆ ಮಾತು ಹೇಳುತ್ತವೆ. 1623ರಲ್ಲಿ ಕೆಳದಿಯ ಸೀಮೆಯಲ್ಲಿ ಇಕ್ಕೇರಿಯತ್ತ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ, ಗುಡಿಯ ಜಗುಲಿಯಲ್ಲಿ ಹುಡುಗರು ಗುರುವಿಲ್ಲದೆ ತಾವೇ ರಾಗವಾಗಿ ಹೇಳಿಕೊಳ್ಳುತ್ತ ಮರಳಲ್ಲಿ ಲೆಕ್ಕ ಬರೆದು ಕಲಿಯುವುದನ್ನು ನೋಡಿ ಬರೆದಿಟ್ಟ. ಇನ್ನು 1822ರಲ್ಲಿ ಗವರ್ನರ್ ಥಾಮಸ್ ಮನ್ರೋ ಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಮರುವರ್ಷ ಜಿಲ್ಲೆಯ 533 ಶಾಲೆಗಳ, 6,641 ಮಕ್ಕಳ ವಿವರ ಕೊಟ್ಟ. ಅವುಗಳಲ್ಲಿ 235 ಕನ್ನಡದವು. ಮುಂದಿರುವ ಹುಡುಗ ಹಿಂದಿರುವವನಿಗೆ ಹೇಳಿಕೊಡುವ ಅಲ್ಲಿನ ಕ್ರಮವನ್ನು ಮೆಚ್ಚಿ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ತಕ್ಕದ್ದೇ ಎಂದ. ಬೆಲ್ ನೋಡಿಯೇ ನಕಲು ಮಾಡಿದ ಎಂಬುದಕ್ಕೆ ಇವು ಪುರಾವೆಯಾಗಲಾರವು. ಆದರೆ ಆತ ಕಂಡುಹಿಡಿದೆನೆಂದದ್ದು ಕೂಲಿಮಠದ (ಹಳ್ಳಿಶಾಲೆಯ) ಅಯ್ಯಗಳಿಗೆ ದಿನನಿತ್ಯದ ರೂಢಿಯಾಗಿತ್ತು ಎಂಬುದನ್ನಂತೂ ತೋರಿಸುತ್ತವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಿರುಸಾದದ್ದು: ಮೇಷ್ಟ್ರ ಸಂಬಳ ಉಳಿಸಲು ಮಕ್ಕಳನ್ನು ದುಡಿಸಿಕೊಂಡ ಪದ್ಧತಿಯನ್ನು ಯಾಕೆ ಹೊಗಳಬೇಕು? ಒಪ್ಪಬೇಕಾದ ಮಾತೇ. ಇಂಗ್ಲೆಂಡಿನ ದಾನಿಗಳಿಗೆ ಅದು ರುಚಿಸಿದ್ದು ಅಗ್ಗವಾಗಿದ್ದರಿಂದ; ನೂರಾರು ಮಕ್ಕಳಿಗೆ ಒಬ್ಬನೇ ಮೇಷ್ಟ್ರೆಂಬ ಲೆಕ್ಕದಲ್ಲಿ ಪಾಠ ಬಾಯಿಪಾಠಕ್ಕೆ ಇಳಿಯಿತು. ಜಗುಲಿಯಲ್ಲಿ ಗುರು ಪ್ರತಿಯೊಬ್ಬ ಹುಡುಗನ ಮನೆಯನ್ನೂ ಬಲ್ಲವನು. ಅಲ್ಲಿ ಹಿರಿಯ ಹುಡುಗನ ನೆರವು ಗುರುವಿನ ಕೆಲಸಕ್ಕೆ ಸೇರ್ಪಡೆ. ವಸತಿಶಾಲೆಯಲ್ಲಿ ಅದೇ ನೆರವು ಸುಬೇದಾರಿಕೆಯಾಯಿತು, ಮೇಲಿಂದ ಕೆಳಗೆ ಹುಕುಂ ಇಳಿಯುವ ಮೆಟ್ಟಿಲಾಯಿತು. ಬರಾಕು ಆ ಪದ್ಧತಿಗೆ ಕೊಟ್ಟದ್ದು ಈ ಮೆಟ್ಟಿಲನ್ನು; ಜೀವವನ್ನಲ್ಲ.

1871ರಲ್ಲಿ ಎಗ್ಮೋರಿನ ಶಾಲೆ ನೀಲಗಿರಿಯ ಲಾರೆನ್ಸ್ ಅಸೈಲಮ್‌ನೊಳಗೆ ಸೇರಿಹೋಯಿತು. ಅದೇ ಈಗಿನ ಲವ್‌ಡೇಲ್ ಲಾರೆನ್ಸ್ ಶಾಲೆ. ಬೆಲ್‌ನ ದತ್ತಿಯಿಂದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಎದ್ದ ಶಾಲೆ ಮಾತ್ರ ಇಂದಿಗೂ ‘ಮದ್ರಾಸ್ ಕಾಲೇಜ್’. ಆ ಹೆಸರು ಅಲ್ಲಿ ಊರುವ ಹೊತ್ತಿಗೆ, ಮಕ್ಕಳನ್ನು ಓದಿಗೆ ಕಳಿಸಲಾರದಷ್ಟು ಬಳ್ಳಾರಿಯ ಜನ ಬಡವಾಗಿದ್ದಾರೆಂದು ಅದೇ ಕ್ಯಾಂಪ್‌ಬೆಲ್ ಬರೆದಾಗಿತ್ತು. ತಾಯಿಯ ಕೇರಿಯಿಂದ ಮಕ್ಕಳನ್ನು ದೂರವಿಡಲೆಂದು ಕಟ್ಟಿದ ಶಾಲೆ ಪಾಠದ ದಾರಿಯನ್ನು ಆ ಕೇರಿಯ ಮರಳಲ್ಲೇ ಹುಡುಕಬೇಕಾಯಿತು. ಕೀರ್ತಿ ಕಡಲು ದಾಟಿತು, ಜಗುಲಿಗೆ ಉಳಿದದ್ದು ಮರಳು.