ಕೊಳದ ಲೆಕ್ಕದಲ್ಲಿ ಮೂರರಲ್ಲೊಂದು ಪಾಲು

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಸೀಮೆಯಲ್ಲಿ ತಿರುಗಾಡಿದವರಿಗೆ ಎರಡು ಬಗೆಯ ನೀರಿನ ನೆಲೆಗಳು ಪರಿಚಿತ. ಒಂದು, ದೇವಾಲಯದ ಮಗ್ಗುಲಿನ ಮೆಟ್ಟಿಲುಗಳ ಕಲ್ಯಾಣಿ; ಇನ್ನೊಂದು, ದಿಣ್ಣೆಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಕೆರೆ. ಇವುಗಳ ಚೆಲುವನ್ನು ಬಣ್ಣಿಸಿದವರು ಹಲವರು. ಇವು ಹಿಡಿಯುವ ನೀರೆಷ್ಟು ಎಂಬ ಪ್ರಶ್ನೆಯೂ ನನಗೆ ಅಷ್ಟೇ ಸ್ವಾರಸ್ಯದ್ದಾಗಿ ಕಂಡಿದೆ.

ನೆಟ್ಟನೆಯ ಗೋಡೆಗಳ ತೊಟ್ಟಿಯಾದರೆ ಉದ್ದ, ಅಗಲ, ಆಳಗಳನ್ನು ಗುಣಿಸಿದರೆ ತೀರಿತು. ಕಲ್ಯಾಣಿ ಹಾಗಲ್ಲ, ಕೆಳಗಿಳಿದಂತೆ ಕಿರಿದಾಗುತ್ತದೆ. ಮೇಲೆ 40 ಅಡಿ ಚೌಕ, ತಳದಲ್ಲಿ 20 ಅಡಿ ಚೌಕ, 15 ಅಡಿ ಆಳ, ನಾಲ್ಕು ಕಡೆಯೂ ಒಂದೇ ಸಮನಾದ ಇಳಿಜಾರು ಇರುವ ಕೊಳವೊಂದನ್ನು ಊಹಿಸಿಕೊಳ್ಳೋಣ. ಬದಿಗಳ ಸರಾಸರಿ 30 ಅಡಿ ಎಂದು ಹಿಡಿದರೆ 13,500 ಘನ ಅಡಿ ಬರುತ್ತದೆ. ಬದಿಗಳ ಬದಲು ಮೇಲಣ ಮತ್ತು ತಳದ ವಿಸ್ತೀರ್ಣಗಳ ಸರಾಸರಿ ತೆಗೆದರೆ 15,000 ಘನ ಅಡಿ. ಎರಡರಲ್ಲಿ ಯಾವುದನ್ನು ನಂಬುವುದು?

ಯಾವುದನ್ನೂ ನಂಬಬೇಡಿ ಎಂದವನು ಮಹಾವೀರಾಚಾರ್ಯ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈತ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ ಲೆಕ್ಕಕ್ಕೆಂದೇ ಒಂದು ಅಧ್ಯಾಯವುಂಟು. ಮೊದಲನೆಯ ಫಲಕ್ಕೆ ಕರ್ಮಾಂತಿಕವೆಂದೂ ಎರಡನೆಯದಕ್ಕೆ ಔಂಡ್ರವೆಂದೂ ಅವನಿಟ್ಟ ಹೆಸರು. ಎರಡರ ಅಂತರದಲ್ಲಿ ಮೂರರಲ್ಲೊಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸು, ಅದೇ ಸೂಕ್ಷ್ಮಫಲ ಎನ್ನುತ್ತಾನೆ. ನಮ್ಮ ಕೊಳದಲ್ಲಿ ಅಂತರ 1,500. ಅದರ ಮೂರರಲ್ಲೊಂದು 500. ಉತ್ತರ 14,000 ಘನ ಅಡಿ, ಅಂದರೆ ಸುಮಾರು 4 ಲಕ್ಷ ಲೀಟರು. ಇಂದಿನ ಗಣಿತ ಇದನ್ನು ಒಂದು ಘನ ಅಡಿಯಷ್ಟೂ ತಿದ್ದಲಾರದು. 628ರಲ್ಲಿಯೇ ಬ್ರಹ್ಮಗುಪ್ತನೂ ಈ ನಿಯಮವನ್ನು ಹೇಳಿದ್ದ.

ಇದು ಬರಿಯ ಪಂಡಿತರ ವಿನೋದವಲ್ಲ. ಅಗೆದ ಮಣ್ಣಿನ ಅಳತೆಗೆ ಕೂಲಿ ಸಲ್ಲುವಲ್ಲಿ, ಮೊದಲನೆಯ ಲೆಕ್ಕ ಗುದ್ದಲಿ ಹಿಡಿದವನಿಂದ 500 ಘನ ಅಡಿಯ ದುಡಿಮೆಯನ್ನು ಕಸಿಯುತ್ತದೆ. ಎರಡನೆಯದು ಹಣ ಕೊಡುವವನಿಂದ 1,000 ಘನ ಅಡಿಯ ಕೂಲಿಯನ್ನು ಹೆಚ್ಚಾಗಿ ಸುಲಿಯುತ್ತದೆ. ನ್ಯಾಯ ನಿಂತಿರುವುದು ಆ ಮೂರರಲ್ಲೊಂದು ಪಾಲಿನಲ್ಲಿ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದುದರ ಬೆಲೆ ಇಂಥಲ್ಲಿ ತಿಳಿಯುತ್ತದೆ. ಲೆಕ್ಕ ಅರಿಯದವನು ಬೇರೆಯವರ ಲೆಕ್ಕವನ್ನು ಒಪ್ಪಲೇಬೇಕಷ್ಟೆ!

ಕೆರೆಗೆ ಕಲ್ಯಾಣಿಯ ಅಚ್ಚುಕಟ್ಟು ಆಕಾರವಿಲ್ಲ. ಏರಿಯ ಬಳಿ ಆಳ, ಹಿಂದೆ ಸರಿದಂತೆ ತೆಳುವು. ಆದರೂ ತುಂಬಿದ ಕೆರೆಯ ನೀರ ಹರವನ್ನು ಏರಿಯ ಬಳಿಯ ಆಳದಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಒಂದು ಸ್ಥೂಲ ಅಂದಾಜು ದೊರೆಯುತ್ತದೆ. ಇಲ್ಲಿಯೂ ಅದೇ ಮೂರರಲ್ಲೊಂದು! ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಸಿದ್ಧವಾದ ಚಾಮರಾಜಸಾಗರದಂಥ ಜಲಾಶಯಕ್ಕಾದರೆ, ಒಂದೊಂದು ಮಟ್ಟದ ಹರವನ್ನೂ ಅಳೆದು, ಪದರ ಪದರವಾಗಿ ಕೂಡಿಸಿ, ಎಂಜಿನಿಯರುಗಳು ಕೋಷ್ಟಕ ಮಾಡಿಡುತ್ತಾರೆ.

ಆದರೆ ಕೋಷ್ಟಕಕ್ಕೆ ಹೂಳು ಕಾಣದು. ತಳ ಮೇಲೇರಿದರೂ ಅಳತೆಗಂಬ ಹಳೆಯ ಅಡಿಗಳನ್ನೇ ತೋರಿಸುತ್ತದೆ. ಕಾಗದದ ಮೇಲೆ ಕೆರೆ ತುಂಬಿರುತ್ತದೆ, ಗದ್ದೆಗೆ ಮಾತ್ರ ನೀರು ಸಾಲದು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ತಳವನ್ನು ಹೊಸದಾಗಿ ಅಳೆಯುವುದೇ ಇದಕ್ಕೆ ಮದ್ದು. ಮಹಾವೀರನ ಸೂತ್ರಕ್ಕೆ ಸಾವಿರ ವರ್ಷ ಮೀರಿದರೂ ಮುಪ್ಪಿಲ್ಲ. ಮುಪ್ಪು ಬರುವುದು ನಾವು ಅದಕ್ಕೆ ಒದಗಿಸುವ ಅಳತೆಗಳಿಗೆ.