ನೆಲದ ಗಡಿ, ಜನದ ಲೆಕ್ಕ: ಕರ್ನಾಟಕದ ಜನಗಣತಿ ಭೂಘಟಕಗಳು

ಹರಪನಹಳ್ಳಿ ತಾಲ್ಲೂಕಿನ ಅರವತ್ತು ವರ್ಷಗಳ ಜನಸಂಖ್ಯೆಯನ್ನು ಒಂದೆಡೆ ಬರೆದಿಡಲು ಹೊರಟವರು ಮೊದಲು ಸರಿಯಾದ ಸಂಪುಟಗಳನ್ನು ಹುಡುಕಬೇಕು. 1951ರ ಅಂಕಿ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ಪುಸ್ತಕದಲ್ಲಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಈ ಭಾಗ ಮೈಸೂರಿಗೆ ಸೇರಿದ್ದರಿಂದ 1961ರ ಅಂಕಿ ಮೈಸೂರು ರಾಜ್ಯದ ಸಂಪುಟದಲ್ಲಿ ಸಿಗುತ್ತದೆ. 1991ರವರೆಗೆ ಜಿಲ್ಲೆ ಬಳ್ಳಾರಿಯೇ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ತಾಲ್ಲೂಕು ಅಲ್ಲಿಗೆ ಹೋಯಿತು. ಹಾಗಾಗಿ 2001 ಮತ್ತು 2011ರ ಕೋಷ್ಟಕಗಳಲ್ಲಿ ಅದು ದಾವಣಗೆರೆಯದು. 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ತಾಲ್ಲೂಕಿನ ಜನ ಗಂಟುಮೂಟೆ ಕಟ್ಟಲಿಲ್ಲ. ಅವರ ಮೇಲೆ ಎಳೆದ ಗೆರೆಗಳು ಮಾತ್ರ ಊರೂರು ಅಲೆದವು.

ಜನಗಣತಿಯ ಅಂಕಿಗಳನ್ನು ಬಳಸುವ ನಮ್ಮ ಸಂಶೋಧನೆಗಳಲ್ಲಿ ಈ ಗೆರೆಗಳ ಇತಿಹಾಸಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಅಳಲು. ಕೊಳಗ ಬದಲಾದಾಗ ರಾಶಿಯ ಲೆಕ್ಕ ಬದಲಾಗುತ್ತದೆಂದು ಕಣದಲ್ಲಿ ನಿಂತ ರೈತನಿಗೆ ಗೊತ್ತು. ಕರ್ನಾಟಕದ ಗಣತಿಯಲ್ಲಿ ಜನರನ್ನು ಅಳೆಯುವ ಕೊಳಗವನ್ನು ಕಂದಾಯ ಇಲಾಖೆ ಭೂಮಿಯನ್ನು ಅಳೆಯಲೆಂದು ಮಾಡಿಕೊಂಡಿತ್ತು. ಗಣತಿ ಅದನ್ನು ಎರವಲು ಪಡೆದಿದೆ. ಎರವಲಿನ ಗುಣದೋಷಗಳೆಲ್ಲ ಅಂಕಿಗಳಿಗೂ ಅಂಟಿಕೊಂಡಿವೆ.

2011ರ ಚೌಕಟ್ಟನ್ನು ನೋಡೋಣ. ರಾಜ್ಯದ ಸಂಕೇತ 29. ಅದರ ಕೆಳಗೆ 30 ಜಿಲ್ಲೆ, 176 ತಾಲ್ಲೂಕು, 347 ಪಟ್ಟಣ, 29,340 ಗ್ರಾಮ. ಜಿಲ್ಲೆಗೆ ಮೂರಂಕಿಯ, ತಾಲ್ಲೂಕಿಗೆ ಐದಂಕಿಯ, ಗ್ರಾಮ ಹಾಗೂ ಪಟ್ಟಣಕ್ಕೆ ಆರಂಕಿಯ ಸಂಕೇತ. ಪಟ್ಟಣಗಳ ಒಳಗೆ ವಾರ್ಡು. ಎಲ್ಲಕ್ಕೂ ತಳದಲ್ಲಿ ಗಣತಿ ಬ್ಲಾಕು. ತಾಲ್ಲೂಕಿಗೂ ಗ್ರಾಮಕ್ಕೂ ನಡುವೆ ನಮ್ಮ ನಾಡಿನಲ್ಲಿ ಹೋಬಳಿಯೆಂಬ ಜೀವಂತ ಘಟಕವಿದೆ. ನಾಡಕಚೇರಿ, ರೈತ ಸಂಪರ್ಕ ಕೇಂದ್ರಗಳೆಲ್ಲ ಹೋಬಳಿಯ ಲೆಕ್ಕದಲ್ಲೇ ನಡೆಯುತ್ತವೆ. ಆದರೆ ಗಣತಿಯ ಸಂಕೇತ ಸರಣಿಯಲ್ಲಿ ಹೋಬಳಿಗೆ ಸ್ಥಾನವಿಲ್ಲ. ಹೋಬಳಿಯ ಜನಸಂಖ್ಯೆ ಬೇಕಾದವರು ಗ್ರಾಮಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳಬೇಕು.

ಗಣತಿಯ 'ಗ್ರಾಮ'ವೆಂದರೆ ಕಂದಾಯ ಗ್ರಾಮ: ಸರ್ವೆ ನಂಬರುಗಳ ಒಂದು ಕಟ್ಟು. ಅದರಲ್ಲಿ ಮನೆಗಳಿರಬೇಕೆಂಬ ನಿಯಮವಿಲ್ಲ. ಆ 29,340 ಗ್ರಾಮಗಳಲ್ಲಿ 1,943 ಗ್ರಾಮಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಂದಾಯದ ಭಾಷೆಯಲ್ಲಿ ಇವು ಬೇಚಿರಾಕ್ ಗ್ರಾಮಗಳು. ಪರ್ಷಿಯನ್ನಿನಿಂದ ಬಂದ ಈ ಪದಕ್ಕೆ ದೀಪವಿಲ್ಲದ್ದು ಎಂದು ಅರ್ಥ. ಆಡಳಿತದ ಪದಕೋಶದಲ್ಲಿ ಇಷ್ಟು ಮನಕಲಕುವ ಶಬ್ದ ಇನ್ನೊಂದಿಲ್ಲ. ದೀಪ ಆರಿದ ಮೇಲೂ ಊರಿನ ಹೆಸರು, ಗಡಿ, ಸರ್ವೆ ನಂಬರು ಉಳಿದುಕೊಂಡು ಬರುತ್ತವೆ. ಗಣತಿಯೂ ಪ್ರತಿ ಸಲ ಅದರ ಮುಂದೆ ಸೊನ್ನೆ ಬರೆದು ಮುಂದೆ ಸಾಗುತ್ತದೆ.

ಬಯಲುಸೀಮೆಯಲ್ಲಿ ಊರಿಗೂ ಗ್ರಾಮಕ್ಕೂ ಹೆಚ್ಚಿನ ಅಂತರ ಕಾಣದು. ಮನೆಗಳು ಒಂದೆಡೆ ಗುಂಪಾಗಿದ್ದು, ಸುತ್ತ ಹೊಲಗಳಿರುತ್ತವೆ. ಘಟ್ಟದ ಮೇಲೆ ಮತ್ತು ಕರಾವಳಿಯಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ತೋಟದ ಮಗ್ಗುಲಲ್ಲಿ ಒಂದೊಂದು ಮನೆ. ಎರಡು ಗ್ರಾಮಗಳ ನಡುವಿನ ಗಡಿ ಯಾವುದೋ ಹಳ್ಳದಲ್ಲೋ ಗುಡ್ಡದ ಏಣಿನಲ್ಲೋ ಹಾದುಹೋಗಿರುತ್ತದೆ. 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳ ನೆಲ ಒಂದಾದಾಗ ಐದು ಬಗೆಯ ಭೂದಾಖಲೆ ಪರಂಪರೆಗಳೂ ಒಂದೇ ಪಟ್ಟಿಗೆ ಬಂದವು. ಹೀಗಾಗಿ 'ಗ್ರಾಮದ ಸರಾಸರಿ ಜನಸಂಖ್ಯೆ'ಯನ್ನು ಜಿಲ್ಲೆಯಿಂದ ಜಿಲ್ಲೆಗೆ ಹೋಲಿಸುವಾಗ ನಾವು ಜನವಸತಿಯ ಸ್ವರೂಪವನ್ನು ಹೋಲಿಸುತ್ತಿದ್ದೇವೋ ಹಳೆಯ ಸರ್ವೆಯವರ ಪದ್ಧತಿಗಳನ್ನು ಹೋಲಿಸುತ್ತಿದ್ದೇವೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಬೇಚಿರಾಕ್ ಗ್ರಾಮದಲ್ಲಿ ಹೆಸರಿದೆ, ಜನವಿಲ್ಲ. ಇದಕ್ಕೆ ತದ್ವಿರುದ್ಧವಾದ ಸ್ಥಿತಿ ಇನ್ನೂ ಗಂಭೀರ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ಮಜರೆಗಳಲ್ಲಿ ತಲೆಮಾರುಗಳಿಂದ ಜನರಿದ್ದಾರೆ. ಕಂದಾಯ ದಾಖಲೆಯಲ್ಲಿ ಅವುಗಳಿಗೆ ಗ್ರಾಮದ ಸ್ಥಾನವಿರಲಿಲ್ಲ. ಗಣತಿದಾರರು ಅಲ್ಲಿನ ಮನೆಗಳಿಗೂ ಹೋಗುತ್ತಾರೆ, ತಲೆಗಳನ್ನು ಎಣಿಸುತ್ತಾರೆ. ಆದರೆ ಆ ಎಣಿಕೆ ತಾಯಿಗ್ರಾಮದ ಮೊತ್ತದಲ್ಲಿ ಕರಗಿಹೋಗುತ್ತದೆ. ತಾಂಡಾದಲ್ಲಿ ಎಷ್ಟು ಹೆಣ್ಣುಮಕ್ಕಳು ಓದುಬರಹ ಬಲ್ಲರು, ಎಷ್ಟು ಮನೆಗೆ ನಲ್ಲಿಯಿದೆ ಎಂಬುದು ಪ್ರಕಟಿತ ಕೋಷ್ಟಕಗಳಿಂದ ತಿಳಿಯುವುದಿಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ತನ್ನ ಘಟಕವಾಗಿ ಕಂದಾಯ ಗ್ರಾಮವನ್ನು ಬಿಟ್ಟು ಜನವಸತಿಯನ್ನು ಆರಿಸಿಕೊಂಡದ್ದು ಈ ದೃಷ್ಟಿಯಿಂದ ಮಹತ್ವದ ಸಂಗತಿ. ರಸ್ತೆ ತಲುಪಬೇಕಾದದ್ದು ಜನ ಇರುವಲ್ಲಿಗೆ.

ಭೂಸುಧಾರಣೆ ಕಾಯ್ದೆಗೆ 2016ರ ತಿದ್ದುಪಡಿಯಿಂದ ಸೇರಿದ 38ಎ ಪ್ರಕರಣ ಇಂಥ ದಾಖಲೆರಹಿತ ವಸತಿಗಳ ನಿವಾಸಿಗಳಿಗೆ ಹಕ್ಕಿನ ದಾರಿ ತೆರೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳು ಹೊಸ ಕಂದಾಯ ಗ್ರಾಮಗಳಾಗಿ ಘೋಷಣೆಯಾದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ವಿತರಣೆ ನಡೆಯಿತು. ಮನೆಯ ಹಕ್ಕಿನ ಮಾತಾಗಿ ಇದನ್ನು ಎಲ್ಲರೂ ಚರ್ಚಿಸಿದರು. ಗಣತಿಯ ಭೂಗೋಳದಲ್ಲೂ ಇದು ದೊಡ್ಡ ಪಲ್ಲಟವೆಂಬುದನ್ನು ಹೆಚ್ಚು ಜನ ಗಮನಿಸಿದಂತಿಲ್ಲ.

ಪಟ್ಟಣದ ವಿಷಯಕ್ಕೆ ಬಂದರೆ ಗಣತಿ ಎರವಲು ಕೊಳಗದ ಜೊತೆಗೆ ತನ್ನದೇ ಕೊಳಗವನ್ನೂ ಇಟ್ಟುಕೊಂಡಿದೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಇರುವಂಥವು ಶಾಸನಬದ್ಧ ಪಟ್ಟಣಗಳು. ಗ್ರಾಮ ಪಂಚಾಯಿತಿಯ ಆಡಳಿತದಲ್ಲೇ ಇದ್ದು, ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ಪುರುಷ ಮುಖ್ಯ ದುಡಿಮೆಗಾರರಲ್ಲಿ ಶೇ. 75 ಮಂದಿ ಕೃಷಿಯೇತರ ಕೆಲಸದಲ್ಲಿ, ಈ ಮೂರೂ ಕೂಡಿಬಂದಂಥವು ಗಣತಿ ಪಟ್ಟಣಗಳು. ಕರ್ನಾಟಕದಲ್ಲಿ 2001ರಲ್ಲಿ 44 ಇದ್ದ ಗಣತಿ ಪಟ್ಟಣಗಳು 2011ಕ್ಕೆ 127 ಆದವು. ಇದೇ ಅವಧಿಯಲ್ಲಿ ಶಾಸನಬದ್ಧ ಪಟ್ಟಣಗಳು 226ರಿಂದ 220ಕ್ಕೆ ಇಳಿದವು. ರಾಜ್ಯದ ನಗರವಾಸಿಗಳ ಪಾಲು ಶೇ. 33.99ರಿಂದ 38.67ಕ್ಕೆ ಏರಿತು. ಈ ಏರಿಕೆಯಲ್ಲಿ ಹಳ್ಳಿಯಿಂದ ನಗರಕ್ಕೆ ವಲಸೆ ಹೋದವರ ಜೊತೆಗೆ, ಇದ್ದಲ್ಲೇ ಇದ್ದು ತಮ್ಮ ಊರಿನ ವರ್ಗ ಬದಲಾದದ್ದರಿಂದ ನಗರವಾಸಿಗಳೆನಿಸಿದವರೂ ಸೇರಿದ್ದಾರೆ.

ಪುರುಷ ದುಡಿಮೆಗಾರರೆಂಬ ಮಾತನ್ನು ಸುಮ್ಮನೆ ದಾಟಿಹೋಗಲು ನನಗೆ ಮನಸ್ಸಿಲ್ಲ. ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಬೀಡಿ ಕಟ್ಟುವವರು ಬಹುಪಾಲು ಹೆಂಗಸರು. ಊರಿನ ಅರ್ಥವ್ಯವಸ್ಥೆ ಹೊಲ ಬಿಟ್ಟು ಎಷ್ಟು ದೂರ ಬಂದಿದೆ ಎಂಬುದಕ್ಕೆ ಅವರ ದುಡಿಮೆಯೇ ದೊಡ್ಡ ಸಾಕ್ಷಿ. ಊರು ಪಟ್ಟಣವೇ ಅಲ್ಲವೇ ಎಂದು ತೀರ್ಮಾನಿಸುವಾಗ ಆ ಸಾಕ್ಷಿಯನ್ನು ಕೇಳುವುದಿಲ್ಲ. ಇನ್ನೊಂದು ತೊಡಕೂ ಇದೆ. 2011ರ ಪಟ್ಟಣಗಳ ಪಟ್ಟಿ ಎಣಿಕೆಗೆ ಮೊದಲೇ ತಯಾರಾಗಿತ್ತು. 2001ರಲ್ಲಿ 4,000 ದಾಟಿದ್ದ ಗ್ರಾಮಗಳನ್ನು ಆಗಿನ ದುಡಿಮೆಯ ಅಂಕಿಗಳೊಡನೆ ಪರಿಶೀಲಿಸಿ ಆರಿಸಲಾಗಿತ್ತು. ಹತ್ತು ವರ್ಷ ಹಳೆಯ ಕನ್ನಡಿಯಲ್ಲಿ ಕಂಡ ಮುಖವದು.

ಗಡಿ ಮರೆತರೆ ಆಗುವ ಅನರ್ಥಕ್ಕೆ ಬೆಂಗಳೂರಿಗಿಂತ ಸ್ಪಷ್ಟ ನಿದರ್ಶನ ಬೇಡ. 2001ರಲ್ಲಿ ಮಹಾನಗರಪಾಲಿಕೆಯ ಜನಸಂಖ್ಯೆ 43,01,326. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದು 84,43,675. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಶೇ. 96ರ ಬೆಳವಣಿಗೆ. ಆದರೆ 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, 110 ಗ್ರಾಮಗಳು ಪಾಲಿಕೆಯೊಳಗೆ ಬಂದಿದ್ದವು. ಬೆಂಗಳೂರು ನಗರ ಜಿಲ್ಲೆಯ ಅಂಕಿಯನ್ನು ಹಿಡಿದರೆ ಏರಿಕೆ 65,37,124ರಿಂದ 96,21,551ಕ್ಕೆ, ಅಂದರೆ ಶೇ. 47. ಇದೂ ಬೆರಗಿನ ಬೆಳವಣಿಗೆಯೇ. ಆದರೂ ಹಿಂದಿನ ಅಂಕಿಯ ಅರ್ಧದಷ್ಟು. 2025ರ ಸೆಪ್ಟೆಂಬರಿನಿಂದ ಅಲ್ಲಿ ಐದು ನಗರ ಪಾಲಿಕೆಗಳಿವೆ. ಮುಂದಿನ ಅಧ್ಯಯನಗಳಿಗೆ ಹೋಲಿಕೆಯ ಹೊಸ ತಳಹದಿಯನ್ನೇ ಕಟ್ಟಿಕೊಳ್ಳಬೇಕು.

ಗಣತಿ ಬ್ಲಾಕಿನದು ಬೇರೆಯೇ ಸ್ವಭಾವ. ಒಬ್ಬ ಗಣತಿದಾರರಿಗೆ ನಿಭಾಯಿಸಲು ಸಾಧ್ಯವಾಗುವಷ್ಟು ಮನೆಗಳು, ಸುಮಾರು 600ರಿಂದ 800 ಜನ. ಬ್ಲಾಕು ಗ್ರಾಮದ ಇಲ್ಲವೇ ವಾರ್ಡಿನ ಗಡಿಯನ್ನು ದಾಟುವಂತಿಲ್ಲ. ಶಾಲಾ ಶಿಕ್ಷಕಿಯೊಬ್ಬರು ಅರಳಿಕಟ್ಟೆ, ಓವರ್‌ಹೆಡ್ ಟ್ಯಾಂಕು, ಹಳ್ಳದ ಸೇತುವೆಗಳನ್ನು ಗುರುತು ಹಾಕಿಕೊಂಡು ಬಿಡಿಸುವ ಕೈನಕ್ಷೆಯೇ ಅದರ ಭೂಪಟ. ಕಂದಾಯದ ಗೆರೆಗಳೊಳಗೆ ಜನರನ್ನೇ ನೋಡಿ ಎಳೆದ ಗೆರೆ ಇದೊಂದೇ. ಗಣತಿ ಮುಗಿದ ಮೇಲೆ ಸಾಮಾನ್ಯ ಓದುಗನ ಕಣ್ಣಿನಿಂದ ಮರೆಯಾಗುವುದೂ ಇದೇ.

2011ರ ಗಣತಿಗೆ 2009ರ ಡಿಸೆಂಬರ್ 31ಕ್ಕೆ ಗಡಿಗಳನ್ನು ಸ್ಥಗಿತಗೊಳಿಸಲಾಗಿತ್ತು. 2027ರ ಗಣತಿಗೆ 2025ರ ಡಿಸೆಂಬರ್ 31. ಈ ಎರಡು ದಿನಗಳ ನಡುವೆ ವಿಜಯನಗರ ಜಿಲ್ಲೆ ಹುಟ್ಟಿತು. 2017ರ ಬಜೆಟ್ಟಿನಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳು ಬಂದವು, ತಾಂಡಾಗಳು ಗ್ರಾಮಗಳಾದವು. 2027ರ ಕೋಷ್ಟಕದಲ್ಲಿ ಅನೇಕ ತಾಯಿಗ್ರಾಮಗಳ ಜನಸಂಖ್ಯೆ ಕುಸಿದಂತೆ ಕಂಡೀತು. ಅದನ್ನು ವಲಸೆಯೆಂದು ಓದುವ ಮುನ್ನ ತಾಯಿಗ್ರಾಮವನ್ನೂ ಅದರಿಂದ ಬೇರೆಯಾದ ತಾಂಡಾವನ್ನೂ ಕೂಡಿಸಿ 2011ರ ಗಡಿಗೆ ಹೊಂದಿಸಬೇಕು. ಅದಕ್ಕೆ ಪ್ರತಿ ತಾಲ್ಲೂಕಿಗೂ ಹಳೆಯ ಸಂಕೇತ, ಹೊಸ ಸಂಕೇತ, ವಿಭಜನೆಯಾದ ಸರ್ವೆ ನಂಬರುಗಳನ್ನು ಜೋಡಿಸಿದ ಪಟ್ಟಿ ಬೇಕು. ಆ ಸರ್ವೆ ನಂಬರುಗಳು ಇವತ್ತು ತಹಶೀಲ್ದಾರರ ಕಚೇರಿಗಳ ಅಧಿಸೂಚನೆಯ ಕಡತಗಳಲ್ಲಿವೆ.